ಅರವತ್ತೆಂಟರ ಕಾರಿಗೆ ಎಂಬತ್ತೊಂದರ ಸ್ಟೇರಿಂಗ್

ಆ ಕಾರನ್ನು ಮಾರಿಬಿಡಿ ಎಂದು ನನಗೆ ಹೇಳದವರು ಲಿಂಗಸುಗೂರಿನಲ್ಲಿ ಇಬ್ಬರೇ ಇದ್ದರು. ಒಬ್ಬರು ನನ್ನ ಅಪ್ಪ, ಇನ್ನೊಬ್ಬ ಬಸ್ ನಿಲ್ದಾಣದ ಹಿಂದಿನ ಶೆಡ್ಡಿನ ಮಿಸ್ತ್ರಿ. ಉಳಿದವರೆಲ್ಲ ಹೇಳಿದರು. ಕಾಲೇಜಿನ ಸಹೋದ್ಯೋಗಿಗಳು ಹೇಳಿದರು, ಓಣಿಯವರು ಹೇಳಿದರು, ನಾನು ಸ್ಟೇರಿಂಗ್ ಹಿಡಿದು ಕೂತದ್ದನ್ನು ಕಂಡ ಮಸ್ಕಿಯ ಪೆಟ್ರೋಲ್ ಬಂಕಿನವನೂ ಹೇಳಿದ. ನಾನು ಮಾರಲಿಲ್ಲ. ಏಕೆ ಮಾರಲಿಲ್ಲ ಎಂಬುದನ್ನು ಈಗ, ನಿವೃತ್ತಿಯ ನಂತರ, ದಿನಚರಿಯನ್ನೂ ಹಳೆಯ ಕಾಗದಪತ್ರಗಳನ್ನೂ ಎದುರಿಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ನೆನಪು ಒಂದನ್ನು ಹೇಳಿ ಕಾಗದ ಇನ್ನೊಂದನ್ನು ಹೇಳಿದ ಕಡೆ ಕಾಗದವನ್ನು ನಂಬಿದ್ದೇನೆ. ಕಾಗದವೇ ತಪ್ಪು ಹೇಳಿದ ಸಂದರ್ಭವೂ ಒಂದು ಉಂಟು. ಈ ಬರಹ ಅದನ್ನು ಕುರಿತದ್ದು.

ಕಾರು ಅಂಬಾಸಿಡರ್, ಎರಡನೆಯ ಮಾದರಿ. ನೋಂದಣಿ ಪುಸ್ತಕದಂತೆ ಅದು ೧೯೬೮ರದು. ಅಪ್ಪ ಹಟ್ಟಿಯಲ್ಲಿ ಒಬ್ಬ ಅಧಿಕಾರಿಯ ಬಳಿ ಚಾಲಕರಾಗಿದ್ದರು, ಅದೇ ಕಾರನ್ನು ಹದಿನೈದು ವರ್ಷ ನಡೆಸಿದ್ದರು. ಅಧಿಕಾರಿ ಊರು ಬಿಟ್ಟು ಹೊರಟಾಗ ಕಾರನ್ನು ಅಪ್ಪನೇ ಕೊಂಡರು. ಅದು ೧೯೮೨ ಎಂದು ನಾನು ಬಹುಕಾಲ ಹೇಳುತ್ತ ಬಂದೆ; ವರ್ಗಾವಣೆಯ ಮೊಹರು ೧೯೮೩ ಎನ್ನುತ್ತದೆ. ನಾನು ಆಗಷ್ಟೇ ಲಿಂಗಸುಗೂರಿನ ಕಾಲೇಜಿನಲ್ಲಿ ಇತಿಹಾಸ ಕಲಿಸಲು ಸೇರಿದ್ದೆ. ಮೊದಲ ದಿನವೇ ನಾನು ಯೋಚಿಸದೆ ಹಿಂದಿನ ಬಾಗಿಲಿಗೆ ಕೈಹಾಕಿದೆ. ಅಪ್ಪ ತಡೆದರು.

“ಹಿಂದ ಯಾಕ ಹೊಂಟಿ? ಹಿಂದ ಕುಂದ್ರೋರನ್ನ ನಾ ಭಾಳ ನೋಡೀನಿ. ಮುಂದ ಬಾ, ಹಿಡಿ.”

ಹಟ್ಟಿ ರಸ್ತೆಯಲ್ಲಿ ಎರಡು ತಿಂಗಳು ಕಲಿತೆ. ಆ ಕಾರಿನ ಗೇರು ಕಾಲ ಬಳಿ ಇರುವುದಿಲ್ಲ, ಸ್ಟೇರಿಂಗಿನ ಕಂಬಕ್ಕೇ ಅಂಟಿಕೊಂಡಿರುತ್ತದೆ. ಕೈಯ ಅಳತೆಯಲ್ಲೇ ಎಲ್ಲವೂ ಇರುವುದರಿಂದ ನನ್ನಂಥ ಗಿಡ್ಡ ಹೆಂಗಸಿಗೆ ಅನುಕೂಲ.

ನನ್ನ ಕೆಲಸ ಶಾಸನಗಳದು. ಮಸ್ಕಿಯ ಬಂಡೆಯನ್ನು ನೋಡಲು ದೂರದಿಂದ ಜನ ಬರುತ್ತಾರೆ. ಸುತ್ತಲಿನ ಊರುಗಳ ಬದುವಿನಲ್ಲಿ, ಬಾವಿಯ ಕಟ್ಟೆಯಲ್ಲಿ, ದನದ ಹಟ್ಟಿಯ ಗೋಡೆಯಲ್ಲಿ ಸೇರಿಹೋದ ಕಲ್ಲುಗಳನ್ನು ನೋಡಲು ಯಾರೂ ಬರುವುದಿಲ್ಲ. ನಾನು ಅವುಗಳ ಪಡಿಯಚ್ಚು ತೆಗೆಯುತ್ತಿದ್ದೆ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹರಡಿ, ಅಕ್ಷರಗಳ ಗುಳಿಗೆ ಕಾಗದ ಇಳಿಯುವಂತೆ ಕುಂಚದಿಂದ ಬಡಿದು, ಮೇಲೆ ಮಸಿ ಉಂಡೆಯಿಂದ ತಟ್ಟುವುದು. ಕಾಗದ ಕಪ್ಪಾಗುತ್ತದೆ, ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಎತ್ತಿ, ಒಣಗಿಸಿ, ಮನೆಗೆ ತಂದು ಓದುವುದು. ಅಕ್ಷರದ ಎತ್ತರವನ್ನು ಅಳೆದು ಪಟ್ಟಿಗೆ ಸೇರಿಸುವುದು. ಎಂಟು ವರ್ಷಗಳಲ್ಲಿ ಐವತ್ತೇಳು ಪಡಿಯಚ್ಚು ಆಗಿದ್ದವು. ಬಸ್ಸು ಹೋಗದ ಊರುಗಳೇ ಹೆಚ್ಚು. ಕಾರು ಇಲ್ಲದಿದ್ದರೆ ಅವುಗಳಲ್ಲಿ ಹತ್ತೂ ಆಗುತ್ತಿರಲಿಲ್ಲ.

೧೯೯೧ರ ಫೆಬ್ರವರಿಯಲ್ಲಿ ನಮ್ಮ ವಿಷಯದ ಹಿರಿಯ ವಿದ್ವಾಂಸರೊಬ್ಬರಿಂದ ಪತ್ರ ಬಂತು. ಅವರು ಜಿಲ್ಲೆಯ ಶಾಸನಗಳ ಸಂಪುಟವೊಂದನ್ನು ಸಿದ್ಧಪಡಿಸುತ್ತಿದ್ದರು. “ತಮ್ಮಂಥ ಮಹಿಳೆಯರು ಹಳೆಯ ವಾಹನದಲ್ಲಿ ಊರೂರು ಅಲೆಯುವುದು ಶ್ರಮದಾಯಕ. ಏಪ್ರಿಲ್ ಮೊದಲ ವಾರ ನಮ್ಮ ಜೀಪು ಬರಲಿದೆ. ಪಡಿಯಚ್ಚುಗಳನ್ನೂ ಪಟ್ಟಿಯನ್ನೂ ಒಪ್ಪಿಸುವುದು. ಮುಂದಿನ ಕೆಲಸ ನಾವು ನಿರ್ವಹಿಸುತ್ತೇವೆ. ಸಂಪುಟದಲ್ಲಿ ತಮ್ಮ ನೆರವನ್ನು ಸ್ಮರಿಸಲಾಗುವುದು.”

ಎಂಟು ವರ್ಷದ ಕೆಲಸ ಒಂದು ಸ್ಮರಣೆಯಾಗಿ ಮುಗಿಯಬೇಕಿತ್ತು. ಒಪ್ಪಿಸುವುದಿಲ್ಲ ಎಂದು ನಾನು ಅಂದೇ ನಿರ್ಧರಿಸಿದೆ. ಆದರೆ ಒಪ್ಪಿಸದಿರಬೇಕಾದರೆ ಉಳಿದ ಕಲ್ಲುಗಳನ್ನು ನಾನೇ ಮುಗಿಸಬೇಕು, ಮುಗಿಸಬೇಕಾದರೆ ಕಾರು ಓಡಬೇಕು.

ಕಾರು ನಿಂತದ್ದು ಬಳಗಾನೂರಿನ ರಸ್ತೆಯಲ್ಲಿ. ಅದು ಮೇ ತಿಂಗಳ ಉರಿಬಿಸಿಲು ಎಂದು ನನ್ನ ನೆನಪು ಇಂದಿಗೂ ಹಟ ಹಿಡಿಯುತ್ತದೆ. ದಿನಚರಿಯ ಪುಟ ಮಾರ್ಚ್ ಎಂಟು ಎನ್ನುತ್ತದೆ. ರಸ್ತೆಯ ತುಂಬ ಸೂರ್ಯಕಾಂತಿಯ ತೆನೆಗಳನ್ನು ಹರಡಿದ್ದರು ಎಂಬುದನ್ನು ನೆನಪೂ ಒಪ್ಪುತ್ತದೆ. ಜೀಪಿನ ಪತ್ರಕ್ಕೂ ಏಪ್ರಿಲ್ಲಿಗೂ ನಡುವೆಯೇ ಇದು ನಡೆದಿರಬೇಕು. ಹೀಗಾಗಿ ಮಾರ್ಚ್ ಎಂಬುದೇ ಸರಿ. ಹೋಗುವ ಬರುವ ಗಾಡಿಗಳ ಗಾಲಿಯಿಂದಲೇ ಕಾಳು ಉದುರಿಸಿಕೊಳ್ಳುವುದು ಅಲ್ಲಿನ ರೂಢಿ. ತೆನೆಗಳ ಮೇಲೆ ಕಾರು ಏರಿದಾಗ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದೆ. ಗಾಲಿ ಕೇಳಲಿಲ್ಲ. ಇನ್ನಷ್ಟು ತಿರುಗಿಸಿದೆ, ತಡವಾಗಿ ಒಮ್ಮೆಲೇ ಕೇಳಿತು. ಕಾರು ರಾಶಿಯ ಅಂಚಿಗೆ ಹೋಗಿ ನಿಂತಿತು. ರಾಶಿ ಕಾಯುತ್ತಿದ್ದ ಇಬ್ಬರು ಎದ್ದುಬಂದರು.

“ಹೆಣ್ಮಗಳು ಹೊಡ್ಯಾಕತ್ತಾಳಲೇ ಗಾಡಿ!”

“ಹೊಡೀಲಿ ಬಿಡಲೇ, ತೆನಿ ಚಲೋ ಒಡದಾವ. ಅಕ್ಕಾರ, ಹಂಗ ಒಂದು ಸಲ ಹಿಂದಕ್ಕ ಬರ್ರಿ, ಈ ಮಗ್ಗಲು ಒಡದಿಲ್ಲ.”

“ಬರೂಹಂಗಿಲ್ಲಪ್ಪ, ಸ್ಟೇರಿಂಗ್ ಕೆಟ್ಟೈತಿ” ಎಂದೆ. ಅವರೇ ತಳ್ಳಿ ಬದಿಗೆ ನಿಲ್ಲಿಸಿದರು. ತಳ್ಳುವಾಗಲೂ ತೆನೆಯ ಮೇಲೆ ಹಾಯಿಸಿಕೊಂಡೇ ತಳ್ಳಿದರು.

ಮಿಸ್ತ್ರಿ ಮರುದಿನ ಟ್ರ್ಯಾಕ್ಟರಿಗೆ ಕಟ್ಟಿ ಕಾರನ್ನು ಲಿಂಗಸುಗೂರಿಗೆ ತಂದ. ಕೈಪಿಡಿಗಳು ಸ್ಟೇರಿಂಗ್ ಕಾಲಂ ಎಂದು ಕರೆಯುವುದನ್ನು ಅವನು ಸ್ಟೇರಿಂಗ್ ರಾಡು ಎನ್ನುತ್ತಿದ್ದ. ಚಾಲಕನ ಕೈಯಿಂದ ಕೆಳಗೆ ಗಾಲಿಗಳ ಕಡೆಗೆ ಇಳಿಯುವ ಉಕ್ಕಿನ ಕಂಬ ಅದು. ಅದರ ಕೆಳತುದಿಯ ಸುತ್ತ ಗಡಿಯಾರದ ಚಕ್ರದಂತೆ ಹಲ್ಲುಗಳಿದ್ದು, ಅವು ಒಂದು ಬಳೆಯೊಳಗೆ ಕೂಡುತ್ತವೆ.

“ಹಲ್ಲು ಸವದಾವ್ರಿ ಅಕ್ಕಾರ. ಈ ಮಾಡಲ್ದು ಹೊಸಾದು ಈಗ ಎಲ್ಲಿ ಸಿಗತೈತಿ? ಸಿಂಧನೂರ ಗುಜರಿಗೆ ಹೋಗಬೇಕು. ಮುಂದಿನ ಮಾಡಲ್ದು ಹಾಕಿದ್ರ ನಡೀತೈತಿ. ಬಳಿ ಇದ್ದದ್ದ ಇರಲಿ, ಅದಕ್ಕ ಕೂಡೂವಂಥ ಹಲ್ಲು ಬೇಕು.”

“ಹಂಗಾರ ಇದನ್ನ ಬಿಚ್ಚಿ ಕೊಡು, ಒಯ್ದು ತಾಳೆ ನೋಡ್ತೀನಿ.”

ಅವನು ಎರಡು ಹೆಜ್ಜೆ ಹಿಂದೆ ಸರಿದ. “ಅದೊಂದು ಆಗೂದಿಲ್ರಿ. ಸ್ಟೇರಿಂಗ್ ಇಲ್ಲದ ಗಾಡಿ ನಮ್ಮ ಶೆಡ್ಡಿನಾಗ ಒಂದು ರಾತ್ರಿ ನಿಲ್ಲಬಾರದು. ಉಸ್ತಾದ್ ಹೇಳಿಕೊಟ್ಟದ್ದು. ಕೆಟ್ಟದ್ದಿದ್ರೂ ಇರಬೇಕು. ಬದಲಿ ಬಂದ ಮ್ಯಾಲೇ ಬಿಚ್ಚೂದು.”

ಬೆಂಕಿ ಬಿದ್ದರೆ ತಳ್ಳಿ ಹೊರಗೆ ಒಯ್ಯಲು ಸ್ಟೇರಿಂಗ್ ಬೇಕು ಎಂಬುದು ಈ ನೇಮದ ಮೂಲವಿರಬಹುದು. ಅವನಿಗೆ ಮೂಲ ಬೇಕಿರಲಿಲ್ಲ, ಗುರುವಿನ ಮಾತು ಸಾಕಿತ್ತು. ನಾನೂ ಒತ್ತಾಯಿಸಲಿಲ್ಲ, ಏಕೆಂದರೆ ನನಗೆ ಒಂದು ಉಪಾಯ ಹೊಳೆದಿತ್ತು, ಹೊಳೆದದ್ದಕ್ಕೆ ಹೆಮ್ಮೆಯೂ ಆಗಿತ್ತು. ಬಳೆಯನ್ನಷ್ಟೇ ಸಡಿಲಿಸಿ ಪಕ್ಕಕ್ಕೆ ಸರಿಸಲು ಹೇಳಿದೆ. ಕಾರಿನ ಕೆಳಗೆ ಚಾಪೆ ಹಾಸಿಕೊಂಡು ಮಲಗಿ, ಹಲ್ಲು ಸವೆಯದೆ ಉಳಿದ ಮೇಲ್ಭಾಗವನ್ನು ಸೀಮೆಎಣ್ಣೆಯಿಂದ ಒರೆಸಿ, ಒದ್ದೆ ಕಾಗದ ಸುತ್ತಿ, ಕುಂಚದಿಂದ ಬಡಿದು, ಮಸಿ ತಟ್ಟಿ, ಕಾಗದದ ಎರಡು ಅಂಚು ಕೂಡುವಲ್ಲಿ ಸರಿಯಾಗಿ ಕತ್ತರಿಸಿ ಎತ್ತಿದೆ. ಹಲ್ಲುಗಳ ಸಂಖ್ಯೆಯೂ ಸುತ್ತಳತೆಯೂ ಒಂದೇ ಪಟ್ಟಿಯಲ್ಲಿ ಸಿಕ್ಕವು. ಕಾಲೇಜಿನ ಪ್ರಯೋಗಾಲಯದಲ್ಲಿ ಕಂಬಿಯ ದಪ್ಪ ಅಳೆಯುವ ಸಾಧನವಿತ್ತು, ಕೇಳಿದ್ದರೆ ಕೊಡುತ್ತಿದ್ದರು. ಕೇಳಬೇಕೆಂದು ತೋಚಲಿಲ್ಲ. ಎಂಟು ವರ್ಷದಿಂದ ನಾನು ಎಲ್ಲವನ್ನೂ ಕಾಗದದಲ್ಲೇ ಎತ್ತಿಕೊಂಡು ಬರುತ್ತಿದ್ದೆ.

ಸಿಂಧನೂರಿನ ಗುಜರಿಯವನು ನನ್ನ ಕೈಯ ಕಪ್ಪು ಕಾಗದ ನೋಡಿ ನಕ್ಕ.

“ಏನ್ರಿ ಮೇಡಂ, ಹೆಣ್ಣು ನೋಡಾಕ ಜಾತಕ ತಂದೀರೇನು?”

“ಹೌದಪ್ಪ. ಕೂಡಿ ಬಂದ್ರ ಇವತ್ತ ಕರಕೊಂಡು ಹೋಗ್ತೀನಿ.”

ಅವನ ಬಳಿ ಎರಡು ರಾಡುಗಳಿದ್ದವು. ಒಂದು ೧೯೭೭ರ ಮೂರನೆಯ ಮಾದರಿಯಿಂದ ಬಂದದ್ದು, ಇನ್ನೊಂದು ೧೯೮೧ರ ನಾಲ್ಕನೆಯದರಿಂದ. ಎರಡರಲ್ಲೂ ಹಲ್ಲುಗಳ ಸಂಖ್ಯೆ ನನ್ನ ಕಾಗದದಷ್ಟೇ. ಮೂರನೆಯದಕ್ಕೆ ಕಾಗದ ಸುತ್ತಿದರೆ ಅಂಚಿಗೆ ಅಂಚು ಕೂದಲೆಳೆಯಷ್ಟೂ ಬಿಡದೆ ಕೂಡಿತು. ನಾಲ್ಕನೆಯದಕ್ಕೆ ಸುತ್ತಿದರೆ ಬೆಂಕಿಕಡ್ಡಿಯಷ್ಟು ಸಂದು ಉಳಿಯಿತು. ಕಾರ್ಖಾನೆಯಿಂದಲೇ ಹೀಗೆ ಬೇರೆ ಬೇರೆ ಬಂದವೆಂದು ನಾನು ಹೇಳಲಾರೆ. ಗುಜರಿಗೆ ಬರುವ ಮುನ್ನ ಯಾವ ಲೇತ್ ಯಂತ್ರದ ಮೇಲೆ ಯಾರ ಕೈಗೆ ಸಿಕ್ಕಿದ್ದವೋ ತಿಳಿಯದು. ನಾನು ಮೂರನೆಯದನ್ನು ಕೊಂಡೆ. ಬಸ್ಸಿನಲ್ಲಿ ಅದನ್ನು ಮಡಿಲ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದೆ. ನಿರ್ವಾಹಕ ಅದಕ್ಕೂ ಟಿಕೆಟು ಹರಿದ. ಆ ಟಿಕೆಟು ಈಗಲೂ ಇದೆ, ದಿನಾಂಕ ಮಾತ್ರ ಅಳಿಸಿದೆ.

ಮಿಸ್ತ್ರಿ ಹಳೆಯದನ್ನು ಬಿಚ್ಚಿದ, ತಂದದ್ದನ್ನು ಕೂಡಿಸಿದ, ಗೇರಿನ ಹಿಡಿಯನ್ನು ಹಳೆಯದರಿಂದ ಕಿತ್ತು ಇದಕ್ಕೆ ಪಟ್ಟಿ ಹಾಕಿ ಬಿಗಿದ. ಆಮೇಲೆ ಒಂದೇ ಬೆರಳಿನಿಂದ ಸ್ಟೇರಿಂಗನ್ನು ಅತ್ತಿಂದಿತ್ತ ಅಲ್ಲಾಡಿಸಿದ. ಗಾಲಿ ಕದಲಲಿಲ್ಲ.

“ಆಡಾಕತ್ತೈತಿ. ಬಳಿಯಾಗ ಸಡ್ಲ ಐತ್ರಿ. ನಿಮ್ಮ ಕಾಗದ ಸುಳ್ಳು ಹೇಳೈತಿ ಅಕ್ಕಾರ.”

“ಕಾಗದ ಸುಳ್ಳು ಹೇಳೂದಿಲ್ಲ.”

“ಹಂಗಾರ ಕಬ್ಬಿಣ ಹೇಳಾಕತ್ತೈತೇನು?”

ನನಗೆ ಸಿಟ್ಟು ಬಂತು. ಬಿಚ್ಚಿಟ್ಟಿದ್ದ ಹಳೆಯ ರಾಡನ್ನು ಎತ್ತಿಕೊಂಡು, ಅದರದೇ ಅಚ್ಚನ್ನು ಅದಕ್ಕೇ ಸುತ್ತಿದೆ. ಅಂಚುಗಳು ಕೂಡಲಿಲ್ಲ. ಬೆಂಕಿಕಡ್ಡಿಯಷ್ಟು ಸಂದು ಉಳಿಯಿತು.

ಹೊಸ ಕಾಗದ ಒದ್ದೆ ಮಾಡಿ, ಅದೇ ರಾಡಿಗೆ ಸುತ್ತಿ ಮತ್ತೊಂದು ಅಚ್ಚು ತೆಗೆದೆ. ಎತ್ತಿದ ಕೂಡಲೇ ಸುತ್ತಿದಾಗ ಅಂಚಿಗೆ ಅಂಚು ಕೂಡಿತು. ಬಿಸಿಲಿಗೆ ಹರಡಿದೆವು. ಮಿಸ್ತ್ರಿ ಚಹಾ ತರಿಸಿದ. ಚಹಾ ಮುಗಿಯುವಷ್ಟರಲ್ಲಿ ಕಾಗದ ಗರಿಗರಿಯಾಗಿತ್ತು. ಮತ್ತೆ ಸುತ್ತಿದೆ. ಸಂದು.

“ಅರಿವಿ ಒಗದ ಮ್ಯಾಲ ಕುಗ್ಗತೈತಲ್ರಿ, ಹಂಗ” ಎಂದ ಮಿಸ್ತ್ರಿ, ತೀರ ಸಹಜವಾಗಿ.

ಒಣಗಿ ಕುಗ್ಗಿದ ಕಾಗದಕ್ಕೆ ತಾಳೆಯಾದದ್ದು ಸಣ್ಣ ರಾಡು. ಓದುವುದಕ್ಕೆ ಇದರಿಂದ ತೊಂದರೆಯಿಲ್ಲ. ಅಕ್ಷರ ಕುಗ್ಗಿದರೂ ಅದೇ ಅಕ್ಷರ. ಆದರೆ ನಾನು ಓದಿದ್ದಷ್ಟೇ ಅಲ್ಲ, ಅಳೆದೂ ಇದ್ದೆ. ಐವತ್ತೇಳು ಕಲ್ಲುಗಳ ಅಕ್ಷರದ ಎತ್ತರ, ಸಾಲಿನ ಉದ್ದ ಎಲ್ಲವನ್ನೂ ಮನೆಯಲ್ಲಿ, ಒಣಗಿದ ಕಾಗದದ ಮೇಲೆ ಅಳೆದಿದ್ದೆ. ಆ ಅಳತೆಗಳನ್ನೇ ಆಧಾರವಾಗಿಟ್ಟು, ಇಂಥ ಕಲ್ಲೂ ಇಂಥ ಕಲ್ಲೂ ಒಬ್ಬನೇ ಕಂಡರಿಸಿದ್ದು ಎಂದು ಎರಡು ಲೇಖನಗಳಲ್ಲಿ ವಾದಿಸಿದ್ದೆ. ನನಗೆ ಈ ಪದ್ಧತಿಯನ್ನು ಕಲಿಸಿದ್ದು ಹಿರಿಯರ ಪುಸ್ತಕ, ಅಂದರೆ ಜೀಪು ಕಳಿಸಲಿದ್ದವರದೇ ಪುಸ್ತಕ. ಅವರೂ ಕಾಗದವನ್ನೇ ಅಳೆದವರು.

ಸಂಜೆಯೊಳಗೆ ಮಿಸ್ತ್ರಿ ಸವೆದ ರಾಡನ್ನೇ ಮರಳಿ ಕಾರಿಗೆ ಹಾಕಿದ. ಸ್ಟೇರಿಂಗ್ ಇಲ್ಲದೆ ಗಾಡಿ ನಿಲ್ಲಬಾರದಲ್ಲ.

ಒಂದು ಪರೀಕ್ಷೆಯಿಂದ ತೀರ್ಮಾನ ಮಾಡಬಾರದೆಂದು ಮರುದಿನ ಬಸ್ಸಿನಲ್ಲಿ ಗುರುಗುಂಟಾಕ್ಕೆ ಹೋದೆ. ಊರಾಚೆಯ ಹೊಲವೊಂದರಲ್ಲಿ ನನ್ನ ಪಟ್ಟಿಯ ಹನ್ನೆರಡನೆಯ ಕಲ್ಲು ಇತ್ತು. ಪಡಿಯಚ್ಚನ್ನು ಕಲ್ಲಿನ ಮೇಲೆ ಹರಡಿ, ಮೊದಲ ಅಕ್ಷರದ ಮೇಲೆ ಮೊದಲ ಅಕ್ಷರ ಕೂರಿಸಿದೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಕಾಗದದ ಅಕ್ಷರ ಕಲ್ಲಿನ ಅಕ್ಷರಕ್ಕಿಂತ ಹಿಂದೆ ಉಳಿದಿತ್ತು. ಕುರಿ ಮೇಯಿಸುತ್ತಿದ್ದ ಮುದುಕಿಯೊಬ್ಬಳು ಬಂದು ನಿಂತು, “ಏನು ಕಳಕೊಂಡೀಯವ್ವ?” ಎಂದು ಕೇಳಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಎಂಟು ವರ್ಷ” ಎಂದೆ. ಅವಳು ನೆಲ ನೋಡಿ, “ಇಲ್ಲೇನು ಬಿದ್ದಿಲ್ಲ ಬಿಡು” ಎಂದು ಹೋದಳು.

ಹಿಂದಿರುಗುವ ಬಸ್ಸಿನಲ್ಲಿ ಎರಡು ದಾರಿಗಳು ಕಂಡವು. ಕಾಗದಗಳನ್ನು ಸುಮ್ಮನೆ ಜೀಪಿಗೆ ಏರಿಸಿಬಿಟ್ಟರೆ ತಪ್ಪು ಅಳತೆಗಳು ಸಂಪುಟದಲ್ಲಿ ಅಚ್ಚಾಗುತ್ತವೆ, ನನ್ನ ಹೆಸರು ಸ್ಮರಣೆಯಲ್ಲಿ ಸುರಕ್ಷಿತವಾಗಿರುತ್ತದೆ. ಇಲ್ಲವೇ ತಪ್ಪನ್ನು ಬರೆದು ತಿಳಿಸಿ, ಐವತ್ತೇಳು ಕಲ್ಲುಗಳಿಗೂ ಮರಳಿ ಹೋಗಿ, ಅಳತೆಪಟ್ಟಿಯನ್ನು ಕಲ್ಲಿಗೇ ಹಚ್ಚಬೇಕು. ಎರಡನೆಯದಕ್ಕೆ ಕಾರು ಬೇಕು. ಆ ಕಾರಿನ ನೋಂದಣಿಯ ನವೀಕರಣಕ್ಕೆ ಮಾರ್ಚ್ ಕೊನೆಯ ವಾರ ಸಿಂಧನೂರಿನಲ್ಲಿ ವಾಹನ ತಪಾಸಣೆಯ ಕ್ಯಾಂಪು ಇತ್ತು. ಅಲ್ಲಿ ಪಾಸಾಗದಿದ್ದರೆ ಕಾರು ರಸ್ತೆಗೆ ಇಳಿಯುವಂತಿರಲಿಲ್ಲ.

ಗುಜರಿಗೆ ಮತ್ತೆ ಹೋದೆ.

“ಹೆಣ್ಣು ಕೂಡಿ ಬರಲಿಲ್ಲೇನ್ರಿ?”

“ಜಾತಕ ತಪ್ಪಿತ್ತು. ತಂಗೀನ್ನ ಕೊಡು.”

೧೯೮೧ರ ರಾಡು ಬಳೆಯೊಳಗೆ ಸುತ್ತಿಗೆಯ ಎರಡು ಮೆಲು ಏಟಿಗೆ ಇಳಿದು ಕೂತಿತು. ಬೆರಳಿನಿಂದ ಅಲ್ಲಾಡಿಸಿದರೆ ಗಾಲಿ ಅಲ್ಲಾಡಿತು. ಒಂದೇ ಕೊರತೆ ಉಳಿಯಿತು. ಗಾಲಿಗಳನ್ನು ನೇರ ಮಾಡಿದರೆ ಸ್ಟೇರಿಂಗಿನ ಅಡ್ಡಕಡ್ಡಿ ತುಸು ಎಡಕ್ಕೆ ವಾಲಿ ನಿಲ್ಲುತ್ತಿತ್ತು. ಬಿಚ್ಚಿ ಒಂದು ಹಲ್ಲು ಮುಂದೆ ಕೂರಿಸಿದರೆ ಅಷ್ಟೇ ಬಲಕ್ಕೆ ವಾಲುತ್ತಿತ್ತು. ನೇರ ಎಂಬುದು ಎರಡು ಹಲ್ಲುಗಳ ನಡುವೆ ಬಿದ್ದಿತ್ತು.

“ಎಡಕ್ಕ ಇರಲಿ” ಎಂದೆ.

“ಇರಲಿ. ಆದ್ರ ಒಂದು ಮಾತು ಕೇಳ್ರಿ. ಕ್ಯಾಂಪಿನಾಗ ಏನೂ ಬಾಯಿ ಬಿಡಬ್ಯಾಡ್ರಿ. ಅವರು ಬಾನೆಟ್ ಎತ್ತತಾರ, ಹಾರ್ನ್ ಹೊಡೀತಾರ, ಮುಗೀತು. ಬ್ಯಾರೆ ಮಾಡಲ್ ರಾಡ್ ಅಂತ ಅವರಿಗೆ ಯಾರು ಹೇಳ್ತಾರ?”

“ನಾನ ಹೇಳ್ತೀನಿ.”

ಅವನು ತಲೆಯ ಮೇಲೆ ಕೈಯಿಟ್ಟುಕೊಂಡ. ನಾನು ಅರ್ಜಿಯ ಜೊತೆಗೆ ಒಂದು ಹಾಳೆ ಬರೆದೆ: ಒಡಲು ೧೯೬೮, ಗೇರಿನ ಹಿಡಿ ೧೯೬೮, ಸ್ಟೇರಿಂಗ್ ಕಾಲಂ ೧೯೮೧ರ ನಾಲ್ಕನೆಯ ಮಾದರಿಯದು, ಸಿಂಧನೂರಿನಲ್ಲಿ ಕೊಂಡದ್ದು, ಬದಲಿಸಿದ ತಿಂಗಳು ಮಾರ್ಚ್ ೧೯೯೧. ಒಂದು ಅಳತೆಯ ತಪ್ಪನ್ನು ಎಂಟು ವರ್ಷ ತಿಳಿಯದೆ ಹೊತ್ತವಳು ಇನ್ನೊಂದನ್ನು ತಿಳಿದೂ ಹೊರುವುದು ನನ್ನಿಂದ ಆಗುತ್ತಿರಲಿಲ್ಲ.

ಕ್ಯಾಂಪಿಗೆ ಅಪ್ಪನೂ ಬಂದರು. ನನಗೆ ಕಾರು ಕಲಿಸಿದ ದಿನದಿಂದ ಅವರು ನನ್ನ ಪಕ್ಕದಲ್ಲೇ ಕೂರುತ್ತಿದ್ದರು. ಅಂದು ಏನೆನ್ನಿಸಿತೋ, ಹಿಂದಿನ ಬಾಗಿಲು ತೆಗೆದು ಹಿಂದೆ ಕೂತರು, ಬಿಳಿ ಟೋಪಿ ಹಾಕಿಕೊಂಡು. ಮೈದಾನದಲ್ಲಿ ನಿರೀಕ್ಷಕರು ಕಾರಿನೊಳಗೆ ಬಗ್ಗಿ ನೋಡಿದರು.

“ಡ್ರೈವರ್ ಎಲ್ಲಿ?” ನನ್ನನ್ನು ದಾಟಿ ಅಪ್ಪನನ್ನು ಕೇಳಿದರು. “ನೀವು ಹೊಡೀತೀರೇನು ಯಜಮಾನ್ರ?”

“ನಾ ಸಾಹೇಬ್ರ ಗಾಡಿ ಹೊಡೀತಿದ್ದೆರಿ. ಇದು ಈಕೀದು. ಈಕೀನ ಹೊಡೀತಾಳ.”

ನಿರೀಕ್ಷಕರು ನನ್ನ ಹಾಳೆ ಓದಿದರು. ಮತ್ತೊಮ್ಮೆ ಓದಿದರು.

“ಇದನ್ನ ಯಾಕ ಬರದೀರಿ? ಬರೀದಿದ್ರ ನನಗ ಗೊತ್ತಾಗ್ತಿರಲಿಲ್ಲ.”

“ನನಗ ಗೊತ್ತಿತ್ತಲ್ರಿ.”

“ಹಂಗಾರ ಇದು ಅರವತ್ತೆಂಟರ ಗಾಡಿನೋ, ಎಂಬತ್ತೊಂದರದೋ?”

“ಯಾವುದು ಎಷ್ಟರದು ಅಂತ ಬರದೀನ್ರಿ. ಒಂದೊಂದಾಗಿ ನೋಡ್ರಿ. ಕೈಯಾಗ ಹಿಡದು ನೋಡಿ, ಆಡಿದ್ರ ಫೇಲ್ ಮಾಡ್ರಿ.”

ಮಿಸ್ತ್ರಿ ದೂರದ ಬೇವಿನ ಮರದಡಿ ಬೆನ್ನು ತಿರುಗಿಸಿ ನಿಂತಿದ್ದ. ನಿರೀಕ್ಷಕರು ನನ್ನ ಪಕ್ಕ ಕೂತರು. ಮೈದಾನದಲ್ಲಿ ಎಂಟರ ಆಕಾರದಲ್ಲಿ ಎರಡು ಸುತ್ತು ಹೊಡೆದೆ. ಮೂರನೆಯ ಬಾರಿಗೆ ಅವರು, “ಕಡ್ಡಿ ವಾಲೈತಲ್ಲ, ಡೊಂಕ ಹೊಂಟಂಗ ಕಾಣತೈತಿ” ಎಂದರು. ನಾನು ಕಾರನ್ನು ಸುಣ್ಣದ ಗೆರೆಯ ಮೇಲೆ ತಂದು, ವೇಗ ಇಳಿಸಿ, ಎರಡೂ ಕೈ ಬಿಟ್ಟು ತೊಡೆಯ ಮೇಲೆ ಇಟ್ಟುಕೊಂಡೆ. “ಕಡ್ಡಿ ನೋಡಬ್ಯಾಡ್ರಿ, ಗೆರಿ ನೋಡ್ರಿ.” ಗೆರೆ ಮುಗಿಯುವವರೆಗೆ ಕಾರು ಗೆರೆಯನ್ನು ಬಿಡಲಿಲ್ಲ. ಅವರು ಇಳಿದು, ಸ್ಟೇರಿಂಗ್ ಹಿಡಿದು ಅಲ್ಲಾಡಿಸಿ, ಕೆಳಗೆ ಬಗ್ಗಿ ಬಳೆ ಮುಟ್ಟಿ ನೋಡಿದರು. ನನ್ನ ಹಾಳೆಯ ಕೆಳಗೆ “ಪರಿಶೀಲಿಸಿದೆ” ಎಂದು ಬರೆದು ಸಹಿ ಹಾಕಿದರು. ಅದರ ದಿನಾಂಕ ಮಾರ್ಚ್ ಇಪ್ಪತ್ತಾರು. ದಿನಚರಿಯೂ ಅದನ್ನೇ ಹೇಳುತ್ತದೆ.

ಏಪ್ರಿಲ್ಲಿನಲ್ಲಿ ಜೀಪು ಬಂತು. ಚಾಲಕ ಮತ್ತು ಸಹಾಯಕರೊಬ್ಬರು. ಅವರಿಗೆ ಊಟ ಹಾಕಿ ಕಳಿಸಿದೆ, ಪಡಿಯಚ್ಚು ಕೊಡಲಿಲ್ಲ. ಒಂದು ಪತ್ರ ಕೊಟ್ಟೆ: ಕಾಗದ ಒಣಗಿದಾಗ ಕುಗ್ಗುತ್ತದೆ, ಆದ್ದರಿಂದ ನನ್ನ ಅಳತೆಗಳು ತಪ್ಪು, ತಮ್ಮ ಅಳತೆಗಳೂ ತಪ್ಪು, ನಾನು ಕಲ್ಲುಗಳನ್ನು ಮತ್ತೆ ಅಳೆಯಲಿದ್ದೇನೆ, ಫಲಿತಾಂಶವನ್ನು ನನ್ನ ಹೆಸರಿನಲ್ಲಿ ಪ್ರಕಟಿಸಲಿದ್ದೇನೆ. ಎರಡು ತಿಂಗಳ ನಂತರ ಒಂದು ಸಾಲಿನ ಉತ್ತರ ಬಂತು: “ಅಷ್ಟು ಸೂಕ್ಷ್ಮ ನಮ್ಮ ಕ್ಷೇತ್ರಕ್ಕೆ ಅನಗತ್ಯ.” ಅವರ ಸಂಪುಟ ಹಳೆಯ ಅಳತೆಗಳೊಂದಿಗೇ ಹೊರಬಂತು. ನನ್ನ ಕಲ್ಲುಗಳು ಅದರಲ್ಲಿಲ್ಲ, ನನ್ನ ಸ್ಮರಣೆಯೂ ಇಲ್ಲ.

ಮರು ಅಳತೆ ೧೯೯೧ರ ಏಪ್ರಿಲ್ಲಿನಿಂದ ೧೯೯೪ರ ಜನವರಿಯವರೆಗೆ ನಡೆಯಿತು. ಎಲ್ಲ ಕಾಗದಗಳೂ ಒಂದೇ ಸಮ ಕುಗ್ಗಿರಲಿಲ್ಲ. ಒಬ್ಬನೇ ಕಂಡರಿಸಿದ್ದು ಎಂದು ನಾನು ವಾದಿಸಿದ್ದ ಕಲ್ಲುಗಳಲ್ಲಿ ಒಂದು ಜೋಡಿ ಉಳಿಯಿತು, ಇನ್ನೊಂದು ಬಿದ್ದುಹೋಯಿತು. ಬಿದ್ದದ್ದನ್ನು ಬಿದ್ದಿತೆಂದೇ ಅಚ್ಚು ಮಾಡಿಸಿದೆ. ಅಷ್ಟು ದಿನವೂ ಸ್ಟೇರಿಂಗಿನ ಕಡ್ಡಿ ಎಡಕ್ಕೆ ವಾಲಿಕೊಂಡೇ ಇತ್ತು, ಕಾರು ನೆಟ್ಟಗೆ ಹೋಗುತ್ತಿತ್ತು.

ನನ್ನ ಪುಸ್ತಕದ ಕೊನೆಯ ಪಟ್ಟಿಯಲ್ಲಿ ಐವತ್ತೆಂಟು ಪಡಿಯಚ್ಚುಗಳಿವೆ. ಸಂಪಾದಕರು ಕೊನೆಯದನ್ನು ತೆಗೆದುಬಿಡಿ ಎಂದರು. ಅದನ್ನೂ ತೆಗೆಯಲಿಲ್ಲ. ಸಂಖ್ಯೆ ೫೮: ಅಂಬಾಸಿಡರ್ ಕಾರಿನ ಸ್ಟೇರಿಂಗ್ ಕಾಲಂ, ೧೯೬೮. ಸ್ಥಳ: ಲಿಂಗಸುಗೂರು. ಭಾಷೆ: ಇಲ್ಲ. ಅಳತೆ: ಕಬ್ಬಿಣದ ಮೇಲೆ ತೆಗೆದದ್ದು.